ಗದಗ ರಂಗಭೂಮಿ: ಪಗಾರ ಇಲ್ಲದೆ ನಾಟಕ ಕಟ್ಟಿದವರ ಕಥೆ

ಗದಗ: ಲಕ್ಷ್ಮೇಶ್ವರ ಸೀಮೆಯ ಯಳವತ್ತಿಯಂಥ ಊರುಗಳಲ್ಲಿ ಜಾತ್ರೆ ಹತ್ತಿರ ಬಂತಂದ್ರೆ ಕಟ್ಟೆ ಮ್ಯಾಲೆ ಕುಂತವರ ಬಾಯಾಗ ಒಂದು ಮಾತು ಇದ್ದೇ ಇರುತ್ತದೆ, 'ಈ ಸಲ ಯಾವ ನಾಟಕ?' ಹಗಲು ಹೊಲ, ಕಿರಾಣಿ ಅಂಗಡಿ, ಟ್ರ್ಯಾಕ್ಟರ್ ಅಂತ ದುಡಿಯುವ ಮಂದಿ ರಾತ್ರಿ ಊಟ ಮುಗಿಸಿ ತಾಲೀಮಿಗೆ ಸೇರುತ್ತಾರೆ. ಇವರಿಗೆ ಯಾರೂ ಪಗಾರ ಕೊಡುವುದಿಲ್ಲ. ಉಲ್ಟಾ, ಪಾತ್ರ ಮಾಡಬೇಕಂದ್ರೆ ಇವರೇ ಕಿಸೆಯಿಂದ ಪಟ್ಟಿ ಹಾಕಬೇಕು.

ಈ ರೂಢಿ ನಿನ್ನೆ ಮೊನ್ನೆಯದಲ್ಲ. ಇದರ ಬೇರು ಹುಡುಕುತ್ತ ಹೋದರೆ ಗದಗ ಪೇಟೆಗೆ ಬಂದು ನಿಲ್ಲಬೇಕಾಗುತ್ತದೆ. ಅಲ್ಲಿ ಸುಮಾರು 150 ವರ್ಷದ ಹಿಂದೆ ಕನ್ನಡ ನಾಟಕ ಮಂಡಳಿ ಕಟ್ಟಿದವರು ಒಬ್ಬ ಸಾಲಿ ಮಾಸ್ತರರು.

ಸಾಂಗ್ಲಿಗೆ ಕೊಟ್ಟ ಕನ್ನಡದ ಕಲೆ

ಆಗ ಗದಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಪಕ್ಕದ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯದೇ ಜೋರು. ನಾಟಕ ಅಂದರೂ ಮರಾಠಿ ನಾಟಕವೇ.

ಇದರಲ್ಲಿ ಒಂದು ತಮಾಷೆ ಇದೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿ ಅಲ್ಲಿಂದಲೇ ಶುರುವಾಯಿತು ಎಂದು ಲೆಕ್ಕ. ಆದರೆ ಅದಕ್ಕೂ ಮೊದಲು ಉತ್ತರ ಕನ್ನಡದ ಕಡೆಯ ಯಕ್ಷಗಾನ ಮೇಳವೊಂದು ಸಾಂಗ್ಲಿ ದರಬಾರಿನಲ್ಲಿ ಆಟ ಆಡಿತ್ತು. ಅದನ್ನು ನೋಡಿದ ರಾಜರು 'ನಮ್ಮ ಭಾಷೆಯಲ್ಲೂ ಇಂಥದ್ದೊಂದು ಮಾಡು' ಎಂದು ಭಾವೆಗೆ ಹೇಳಿದರು ಎಂದು ರಂಗಭೂಮಿ ಇತಿಹಾಸ ಬರೆದವರು ದಾಖಲಿಸಿದ್ದಾರೆ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಹೊಸ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅಂದರೆ ಇಲ್ಲಿಂದ ಹೋದದ್ದೇ ಬಣ್ಣ ಬದಲಿಸಿಕೊಂಡು ಇಲ್ಲಿಗೇ ವಾಪಸ್ ಬಂತು. ನಮ್ಮ ಮಂದಿ ಟಿಕೆಟ್ ತಗೊಂಡು ನೋಡಿದರು.

ಇದಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟವರು ಸಕ್ಕರಿ ಬಾಳಾಚಾರ್ಯರು. ಕಾವ್ಯನಾಮ ಶಾಂತಕವಿ. 1856ರಲ್ಲಿ ಹುಟ್ಟಿದ ಇವರು ಶಾಲಾ ಶಿಕ್ಷಕರಾಗಿದ್ದರು. 1870ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗನಾಗಿದ್ದಾಗಲೇ, ಗದುಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಕೃತಪುರ ಅಂದರೆ ಗದಗಿನದೇ ಹಳೆಯ ಹೆಸರು. ಮಂಡಳಿಯ ಹೆಸರಿನ ಜೊತೆ ವೀರನಾರಾಯಣ ದೇವರ ಹೆಸರೂ ಸೇರಿತ್ತು. ಕುಮಾರವ್ಯಾಸ ಕೂತು ಭಾರತ ಬರೆದ ಎಂದು ಊರವರು ನಂಬುವ ಗುಡಿ ಅದು. ಕನ್ನಡದಲ್ಲಿ ನಾಟಕ ಆಡುವವರಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ಯಾವುದು?

ಶಾಂತಕವಿಗಳ 'ಉಷಾಹರಣ' ಈ ಮಂಡಳಿಯ ಹೆಸರಾದ ನಾಟಕ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಅದಕ್ಕಿಂತ ಮೊದಲೇ ಗದಗಿನಲ್ಲಿ ಕನ್ನಡ ಮಂಡಳಿ ಬಣ್ಣ ಹಚ್ಚಿತ್ತು ಅನ್ನುವುದು ಇಲ್ಲಿಯ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಶಾಂತಕವಿಗಳು 1920ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಕೀರ್ತನೆ, ನಾಟಕ, ಕವಿತೆ ಎಲ್ಲದರಲ್ಲೂ ಕನ್ನಡದ ಕೆಲಸ ಮಾಡಿದ್ದರು, ಮಾಸ್ತರಿಕೆ ಮಾಡಿಕೊಂಡೇ.

ಫುಟ್‌ಬಾಲ್ ಕ್ಲಬ್ಬಿನ ನಾಟಕ

ಮುಂದೆ ಗದಗ ನಾಟಕಕ್ಕೆ ಎರಡು ದಾರಿ ಆಯಿತು. ಒಂದು ಕಂಪನಿ ದಾರಿ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದುಗಿನ ಹೆಸರನ್ನು ನಾಡಿನ ತುಂಬ ಒಯ್ಯಿತು. 'ಎಚ್ಚಮನಾಯಕ', 'ಪಾದುಕಾ ಪಟ್ಟಾಭಿಷೇಕ' ಅಂದರೆ ಗರುಡರ ಹೆಸರೇ ಮೊದಲು ನೆನಪಾಗುತ್ತಿತ್ತು.

ಇನ್ನೊಂದು ಹವ್ಯಾಸಿಗಳ ದಾರಿ. ಇದರ ದೊಡ್ಡ ಹೆಸರು ಹುಯಿಲಗೋಳ ನಾರಾಯಣರಾಯರು (1884-1971). ಗದಗಿನಲ್ಲಿ ವಕೀಲಿ ಮಾಡುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಬರೆದವರು ಅಂತ ಎಲ್ಲರಿಗೂ ಗೊತ್ತು. ನಾಟಕಕಾರರು ಅನ್ನುವುದು ಅಷ್ಟು ಮಂದಿಗೆ ಗೊತ್ತಿಲ್ಲ. 'ಕನಕವಿಲಾಸ', 'ವಿದ್ಯಾರಣ್ಯ', 'ಕುಮಾರರಾಮ ಚರಿತ' ಇವೆಲ್ಲ ಅವರವೇ. ಇವರ ನಾಟಕಗಳನ್ನು ಆಡಿದ್ದು ಗದಗಿನ ಯಂಗ್ ಮೆನ್ಸ್ ಫುಟ್‌ಬಾಲ್ ಕ್ಲಬ್! ಹೆಸರು ಚೆಂಡಾಟದ್ದು, ಕೆಲಸ ನಾಟಕದ್ದು. ಈಗ ಕ್ರಿಕೆಟ್ ಟೀಮಿನ ಹುಡುಗರೇ ಗಣೇಶೋತ್ಸವಕ್ಕೆ ಹಂದರ ಹಾಕುವುದನ್ನು ನೋಡಿದವರಿಗೆ ಇದು ಹೊಸದೇನೂ ಅನ್ನಿಸಲಿಕ್ಕಿಲ್ಲ.

ಗೇಟ್ ಕಲೆಕ್ಷನ್‌ನಿಂದ ಅನ್ನ

ಗದಗ ರಂಗಭೂಮಿಯಲ್ಲಿ ಬೇರೆ ಎಲ್ಲಿಯೂ ಸುಲಭಕ್ಕೆ ಸಿಗದ ಕಥೆ ಅಂದ್ರೆ ವೀರೇಶ್ವರ ಪುಣ್ಯಾಶ್ರಮದ್ದು. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಸಂಗೀತ ಕಲಿಸುತ್ತ ಊರೂರು ತಿರುಗಿದರು. ಅದು ಸಂಚಾರಿ ಪಾಠಶಾಲೆ. ಗುರುಗಳಿಗೂ ಕಣ್ಣಿರಲಿಲ್ಲ. ಕಡೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ನೆಲೆ ಕೊಟ್ಟರು, ಪುಣ್ಯಾಶ್ರಮ ಆಯಿತು.

ಆದರೆ ಅಷ್ಟು ಮಕ್ಕಳಿಗೆ ಎರಡು ಹೊತ್ತು ಊಟ ಹಾಕುವುದು ಹೆಂಗ? ಜೋಳಿಗೆ ಎಷ್ಟು ದಿನ ನಡೆದೀತು? ಅದಕ್ಕೆ ಹುಟ್ಟಿದ್ದೇ ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ. ಹಾಡಲು, ಪೇಟಿ ತಬಲಾ ಬಾರಿಸಲು ಆಶ್ರಮದಲ್ಲೇ ಮಂದಿ ಇದ್ದರು. ನಾಟಕ ಆಡಿದರೆ ಗೇಟ್ ಕಲೆಕ್ಷನ್ ಬರುತ್ತದೆ, ಅದರಿಂದ ಜ್ವಾಳ ಬರುತ್ತದೆ. ಲೆಕ್ಕ ಇಷ್ಟೇ.

ಪಂಚಾಕ್ಷರಿ ಗವಾಯಿಗಳ ನಂತರ ಈ ಹೊರೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹಾವೇರಿ ಕಡೆಯ ದೇವಗಿರಿಯಲ್ಲಿ ಹುಟ್ಟಿ ಕೂಸಿದ್ದಾಗಲೇ ಕಣ್ಣು ಕಳಕೊಂಡವರು. ನಾಟಕ ಬರೆದರು, ರಾಗ ಹಾಕಿದರು, ಪೇಟಿ ನುಡಿಸಿದರು, ಕಂಪನಿಯನ್ನೂ ನಡೆಸಿದರು. 'ಹೇಮರೆಡ್ಡಿ ಮಲ್ಲಮ್ಮ' ನಾಟಕದ ಹೆಸರು ಎತ್ತಿದರೆ ಈಗಲೂ ಹಳೆಯ ಮಂದಿಯ ಮುಖ ಅರಳುತ್ತದೆ. ಚಕ್ಕಡಿ ಕಟ್ಟಿಕೊಂಡು ಬಂದು ನಾಟಕ ನೋಡಿದವರಿಗೆ ಒಂದು ಟಿಕೆಟ್ಟಿಗೆ ಮನರಂಜನೆ ಸಿಕ್ಕಿತು, ಆಶ್ರಮದ ಮಗುವಿಗೆ ಊಟ ಸಿಕ್ಕಿತು. ಅಂದರೆ ಆ ಪ್ರೇಕ್ಷಕರೂ ಒಂದು ಥರ ಸ್ವಯಂಸೇವಕರೇ.

ಆ ಊಟ ಉಂಡವರು ಯಾರು ಅಂತ ನೋಡಿದರೆ ಲೆಕ್ಕ ಗೊತ್ತಾಗುತ್ತದೆ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಎಂ. ವೆಂಕಟೇಶಕುಮಾರ್ ಬಳ್ಳಾರಿ ಕಡೆಯಿಂದ ಬಂದು ಪುಟ್ಟರಾಜರ ಬಳಿ ವರ್ಷಗಟ್ಟಲೆ ಕಲಿತವರು. ಅವರನ್ನು ಆಶ್ರಮಕ್ಕೆ ಕರಕೊಂಡು ಬಂದ ಸೋದರಮಾವ ಬೆಳಗಲ್ಲು ವೀರಣ್ಣ ಕೂಡ ನಾಟಕದವರೇ. 1995ರ 'ಗಾನಯೋಗಿ ಪಂಚಾಕ್ಷರ ಗವಾಯಿ' ಸಿನಿಮಾ ಮಾಡಿದ ಚಿಂದೋಡಿ ಬಂಗಾರೇಶ್ ದಾವಣಗೆರೆಯ ನಾಟಕ ಕಂಪನಿ ಮನೆತನದವರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು.

ಕಟ್ಟಡ ಅಲ್ಲ, ತಗಡಿನ ಥೇಟರ್

ಮೈಸೂರು, ಬೆಂಗಳೂರಿನವರು ರಂಗಭೂಮಿ ಇತಿಹಾಸ ಹೇಳುವಾಗ ಒಂದು ಕಟ್ಟಡ ತೋರಿಸುತ್ತಾರೆ. ಗದಗಿನವರು ತೋರಿಸಬೇಕಾದ್ದು ಬಯಲು. ಕಂಪನಿ ಬಂದರೆ ತಗಡು, ತಟ್ಟಿ, ಕಂಬ ಇಳಿಯುತ್ತಿದ್ದವು. ಒಂದೆರಡು ದಿನದಲ್ಲಿ ಥೇಟರ್ ಎದ್ದು ನಿಲ್ಲುತ್ತಿತ್ತು. ಕ್ಯಾಂಪ್ ಮುಗಿದರೆ ಲಾರಿ ಹತ್ತುತ್ತಿತ್ತು. ಶಾಲೆಗೋ ಗುಡಿಗೋ ರೊಕ್ಕ ಬೇಕಾದರೆ ಊರ ಹಿರಿಯರು ಕಂಪನಿ ಮಾಲೀಕರಿಗೆ ಹೇಳಿ ಬೆನಿಫಿಟ್ ಶೋ ಇಡಿಸುತ್ತಿದ್ದರು. ಟಿಕೆಟ್ ಮಾರುವ ಕೆಲಸ ಊರ ಹುಡುಗರದ್ದು.

ಈಗ ಇಂಥ ಕಂಪನಿಗಳು ಒಟ್ಟಿಗೆ ಕಾಣಬೇಕಂದ್ರೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಬೇಕು. ನಮ್ಮ ಜಿಲ್ಲೆಯಿಂದ ಬರೇ ನಾಟಕ ನೋಡಲಿಕ್ಕೆ ಹೋಗುವವರಿದ್ದಾರೆ. ಮೊದಲೇ ಟಿವಿ, ಮೊಬೈಲಿನ ಹೊಡೆತ ತಿಂದ ಕಂಪನಿಗಳಿಗೆ 2020ರ ಮಾರ್ಚ್‌ನ ಲಾಕ್‌ಡೌನ್ ಇನ್ನೊಂದು ಪೆಟ್ಟು ಕೊಟ್ಟಿತು.

ಹಳ್ಳಿಯ ಲೆಕ್ಕದ ವಹಿ

ಕಂಪನಿ ಸೊರಗಿದರೂ ಹಳ್ಳಿ ನಾಟಕ ನಿಂತಿಲ್ಲ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಭಾಗದಲ್ಲಿ ಜಾತ್ರೆಗೆ, ಹಬ್ಬಕ್ಕೆ ಸಾಮಾಜಿಕ ನಾಟಕ ಇಡುತ್ತಾರೆ. ತಂಗಿಯ ತ್ಯಾಗ, ಗೌಡನ ದರ್ಪ, ಕುಡುಕ ಗಂಡ, ಇವೇ ವಿಷಯ. ನೋಡಿದವರು ಬೈಯುತ್ತಲೇ ಅಳುತ್ತಾರೆ.

ಖರ್ಚಿನ ಪಟ್ಟಿ ನೋಡಿದರೆ ಯಾರಿಗೆ ದುಡ್ಡು, ಯಾರಿಗೆ ಬರೇ ಹೆಸರು ಅಂತ ಗೊತ್ತಾಗುತ್ತದೆ. ಪೇಟಿ ಮಾಸ್ತರಿಗೆ, ತಬಲಾದವರಿಗೆ, ಸೀನರಿಗೆ, ಮೈಕಿಗೆ ರೊಕ್ಕ ಕೊಡಬೇಕು. ಹೆಣ್ಣು ಪಾತ್ರಕ್ಕೆ ಊರ ಹೆಣ್ಣುಮಕ್ಕಳು ಬರುವುದು ಇವತ್ತಿಗೂ ಅಪರೂಪ. ಹಂಗಾಗಿ ಹೊರಗಿನ ಕಲಾವಿದೆಯರನ್ನು ಕರೆಸುತ್ತಾರೆ. ಅವರಿಗೆ ಇದು ಹೊಟ್ಟೆಪಾಡು. ಇವತ್ತು ಒಂದೂರು, ನಾಳೆ ಇನ್ನೊಂದೂರು, ನಡುವೆ ಬಸ್ಸಿನಲ್ಲಿ ನಿದ್ದೆ. ಸ್ಟೇಜ್ ಮೇಲೆ ಇವರು ಸೀತೆಯಂಥ ತಂಗಿ, ಕೆಳಗಿಳಿದರೆ ಕೆಲವರ ನೋಟ ಬ್ಯಾರೇನೇ. ನಾಟಕ ಪ್ರೇಮಿಗಳು ಅಂತ ಹೇಳಿಕೊಳ್ಳುವ ಊರುಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಮಾತಿದು.

ಉಳಿದ ಪಾತ್ರದವರೆಲ್ಲ ಸ್ವಂತ ಪಟ್ಟಿ ಹಾಕಿ ಆಡುವವರು. ಹೀರೋ ಪಾತ್ರಕ್ಕೆ ಪಟ್ಟಿ ಜಾಸ್ತಿ, ಆಳಿನ ಪಾತ್ರಕ್ಕೆ ಕಡಿಮೆ. ಪಾತ್ರ ಚಲೋ ಆದರೆ ನೋಡುವವರು ಆಯೇರಿ ಮಾಡುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಹೆಸರು ಕೂಗುವುದು ಜಾಸ್ತಿಯಾದಷ್ಟು ನಾಟಕ ಉದ್ದವಾಗುತ್ತದೆ. ಮೈದಾನದಲ್ಲಿ ರಾತ್ರಿ 10ರ ಮೇಲೆ ಮೈಕಿಗೆ ನಿರ್ಬಂಧ ಇರುವುದರಿಂದ ಪರವಾನಗಿ ತಲೆನೋವು ಪ್ರತಿ ವರ್ಷ ಇದ್ದದ್ದೇ.

ಗದಗ ಪೇಟೆಯ ಕಥೆಯನ್ನು ಪುಸ್ತಕ ಬರೆದವರು ಉಳಿಸಿದ್ದಾರೆ. ಹಳ್ಳಿಯ ಕಥೆ ಮಾತ್ರ ತಾಲೀಮಿನ ನೋಟುಬುಕ್ಕಿನಲ್ಲಿ, ಬಣ್ಣ ಮಾಸಿದ ಹ್ಯಾಂಡ್‌ಬಿಲ್ಲಿನಲ್ಲಿ, ಮನೆಯ ಗ್ವಾಡಿಗೆ ಹಾಕಿದ ಗ್ರೂಪ್ ಫೋಟೋದಲ್ಲಿ ಅದ. ಯಾರ ಮನೆಯಲ್ಲಾದರೂ ಅಂಥ ಹ್ಯಾಂಡ್‌ಬಿಲ್ ಇದ್ದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಅದರಲ್ಲಿರುವ ಪಾತ್ರಧಾರಿಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಬಹುದು. ಪಟ್ಟಿ ಹಾಕಿ ಆಡಿದ ಮೊದಲಿನ ತಲೆಮಾರಿನವರು ಈಗ ಎಪ್ಪತ್ತು ದಾಟಿದ್ದಾರೆ.