ಷರಾ

ಸರ್ಕಾರಿ ತಖ್ತೆಗಳ ಕೊನೆಯ ಅಂಕಣಕ್ಕೆ ಇಂಗ್ಲಿಷಿನಲ್ಲಿ 'ರಿಮಾರ್ಕ್ಸ್' ಎಂದಿದ್ದರೆ ಕನ್ನಡದಲ್ಲಿ 'ಷರಾ' ಎಂದಿರುತ್ತದೆ. ಎರಡೂ ಒಂದೇ ಎಂದು ನಾವು ಭಾವಿಸುತ್ತ ಬಂದಿದ್ದೇವೆ. ಹುಟ್ಟಿನಲ್ಲಿ ಅವು ಒಂದಲ್ಲ. ರಿಮಾರ್ಕ್ ಫ್ರೆಂಚ್ ಮೂಲದ್ದು. ಗುರುತಿಸು, ಗಮನಿಸು ಎಂಬುದು ಅದರ ಮೊದಲ ಅರ್ಥ. ಷರಾ ಅರಬ್ಬಿಯ 'ಶರಹ್'. ತೆರೆದು ತೋರುವುದು, ಬಿಡಿಸಿ ಹೇಳುವುದು.

ದೆಹಲಿಯಲ್ಲಿ ಈ ಪದದ ಹಳೆಯ ಮುಖ ಇನ್ನೂ ಮಾಸಿಲ್ಲ. ಬಲ್ಲೀಮಾರಾನಿನಲ್ಲಿ ಬಾಳಿ 1869ರಲ್ಲಿ ತೀರಿಕೊಂಡ ಗಾಲಿಬನ ಬಿಗಿಯಾದ ದ್ವಿಪದಿಗಳಿಗೆ ವಿದ್ವಾಂಸರು ಬರೆದ ವ್ಯಾಖ್ಯಾನಗಳನ್ನು ಉರ್ದು ಓದುಗರು ಇಂದಿಗೂ ಶರಹ್ ಎಂದೇ ಕರೆಯುತ್ತಾರೆ. ಕನ್ನಡಕ್ಕೆ ಪದ ಬಂದದ್ದು ಕಾವ್ಯದ ದಾರಿಯಿಂದಲ್ಲ, ಕಚೇರಿಯ ದಾರಿಯಿಂದ. ಬಹಮನಿ, ಆದಿಲಶಾಹಿ ಆಡಳಿತಗಳ ಪಾರಸಿ ನಮಗೆ ದಫ್ತರ, ಜಮಾಬಂದಿ, ಹುಜೂರುಗಳನ್ನು ಕೊಟ್ಟ ಬಗೆ ಇದೇ. 1837ರಲ್ಲಿ ಕಂಪನಿ ಸರ್ಕಾರ ಕಾಯ್ದೆ ಮಾಡಿ ಪಾರಸಿಯನ್ನು ಕಚೇರಿಗಳಿಂದ ಹೊರಗಟ್ಟಿತು. ಷರಾ ಮಾತ್ರ ನಮ್ಮಲ್ಲಿ ಉಳಿಯಿತು. ಆದರೆ ಅರ್ಥ ತಿರುಗಿತು. 'ಸಾಹೇಬರು ಷರಾ ಬರೆದುಬಿಟ್ಟರು' ಎಂದರೆ ಇನ್ನು ಮಾತಿಲ್ಲ ಎಂದೇ ಅರ್ಥ. ಟೀಕೆಯ ಗತಿಯೂ ಇದೇ ಅಲ್ಲವೆ? ಜಯತೀರ್ಥರನ್ನು ಟೀಕಾಚಾರ್ಯರೆಂದು ಗೌರವಿಸಿದ ನಾಡಿನಲ್ಲಿ ಇಂದು ಟೀಕೆಯೆಂದರೆ ದೋಷಾರೋಪಣೆ.

ಕಡತದ ಷರಾ ಯಾರ ಸೊತ್ತು ಎಂಬ ಪ್ರಶ್ನೆ ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂದೊಡನೆ ದೆಹಲಿಯಲ್ಲಿ ಎದ್ದಿತು. 2005ರ ಆ ಕಾಯ್ದೆ ಅಭಿಪ್ರಾಯ, ಸಲಹೆಗಳನ್ನೂ ಮಾಹಿತಿಯೆಂದೇ ಎಣಿಸಿತ್ತು. ಆದರೂ ಕೇಂದ್ರದ ಸಿಬ್ಬಂದಿ ಇಲಾಖೆ, ಕಡತದಲ್ಲಿ ಅಧಿಕಾರಿಗಳು ಬರೆಯುವ ಟಿಪ್ಪಣಿ ಅದರೊಳಗೆ ಬಾರದೆಂದು ವಾದಿಸಿತು. 2006ರ ಜನವರಿ 31ರಂದು ಕೇಂದ್ರ ಮಾಹಿತಿ ಆಯೋಗ ಅದನ್ನು ಒಪ್ಪದೆ, ಟಿಪ್ಪಣಿಯೂ ಕಡತದ ಅಂಗವೆಂದು ತೀರ್ಪಿತ್ತಿತು. ಅದೇ ಜುಲೈನಲ್ಲಿ ಸಚಿವ ಸಂಪುಟ ಟಿಪ್ಪಣಿಗಳನ್ನು ಬಹುಮಟ್ಟಿಗೆ ಮರೆಮಾಡುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಹೆಸರು ಬಯಲಾದರೆ ಅಧಿಕಾರಿ ನಿರ್ಭೀತವಾಗಿ ಬರೆಯಲಾರನೆಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಪಡಿತರ ಚೀಟಿಯೋ ಪಿಂಚಣಿಯೋ ನಿಂತುಹೋದವನಿಗೆ ಆದೇಶದ ಪ್ರತಿಯಷ್ಟೇ ಸಿಕ್ಕಿ ಫಲವೇನು? ಕಾರಣ ಇರುವುದು ಷರಾದಲ್ಲಿ. ಜಂತರ್ ಮಂತರ್‌ನಲ್ಲಿ ಧರಣಿ ನಡೆಯಿತು, ದೇಶದಾದ್ಯಂತ ಪ್ರತಿಭಟನೆ ಎದ್ದಿತು. ತಿದ್ದುಪಡಿ ಸಂಸತ್ತಿನ ಮುಂದೆ ಬರಲಿಲ್ಲ.

ಕಾಯ್ದೆಯ ವಿನಾಯಿತಿಗಳಿಗೆ ಒಳಪಡದ ಷರಾವನ್ನು ಕೇಂದ್ರ ಕಚೇರಿಗಳಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಪುಟಕ್ಕೆ 2 ರೂಪಾಯಿಯಂತೆ ಪ್ರತಿ ಮಾಡಿಸಿಕೊಂಡು ಯಾವ ನಾಗರಿಕನೂ ಓದಬಹುದು.