ಎರಡು ಇಂಚಿನ ಎತ್ತರ: ಅಗ್ಗದ ಲಿಫ್ಟ್ ಕಿಟ್‌ಗಳು ಬೆಳೆದು ಬಂದ ಬಗೆ

ಜೀಪಿನಂಥ ವಾಹನದ ಚಾಸಿಯನ್ನು ಕಂಪನಿ ಕೊಟ್ಟ ಎತ್ತರಕ್ಕಿಂತ ಕೆಲವು ಇಂಚು ಮೇಲೆ ನಿಲ್ಲಿಸುವ ಬಿಡಿಭಾಗಗಳ ಸೆಟ್ಟಿಗೆ ಸಸ್ಪೆನ್ಷನ್ ಲಿಫ್ಟ್ ಕಿಟ್ ಎನ್ನುತ್ತಾರೆ. ಅದರಲ್ಲಿ ಸ್ಪ್ರಿಂಗ್ ಇರಬಹುದು, ಸ್ಪ್ರಿಂಗಿನ ಮೇಲೆ ಕೂರುವ ಸ್ಪೇಸರ್ ಇರಬಹುದು, ಶಾಕ್ ಅಬ್ಸಾರ್ಬರ್, ಶಾಕಲ್, ಉದ್ದದ ಬ್ರೇಕ್ ಹೋಸ್ ಇರಬಹುದು. ಎತ್ತರದಿಂದ ಸಿಗುವ ಲಾಭ ಮುಖ್ಯವಾಗಿ ಎರಡು. ಮಡ್‌ಗಾರ್ಡಿನೊಳಗೆ ದೊಡ್ಡ ಟೈರಿಗೆ ಜಾಗವಾಗುತ್ತದೆ. ಕಡಿದಾದ ಏರು ಹತ್ತುವಾಗ ಬಂಪರೂ ದಿಬ್ಬ ದಾಟುವಾಗ ಹೊಟ್ಟೆಯೂ ನೆಲಕ್ಕೆ ತಾಗುವುದು ತಪ್ಪುತ್ತದೆ. ಆದರೆ ಎರಡು ಚಕ್ರಗಳ ನಡುವಿನ ಡಿಫರೆನ್ಷಿಯಲ್ ಹೌಸಿಂಗ್ ಮಾತ್ರ ಲಿಫ್ಟಿನಿಂದ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರು. 31 ಇಂಚಿನ ಟೈರು ತೆಗೆದು 33 ಇಂಚಿನದು ಹಾಕಿದರೆ ಹೌಸಿಂಗಿಗೆ ಸಿಗುವುದು ಒಂದೇ ಇಂಚು. ಕಿಟ್ ಕೊಳ್ಳುವ ಮೊದಲು ಟೈರಿನ ಅಳತೆ ತೀರ್ಮಾನವಾಗಬೇಕು ಎನ್ನುವುದು ಇದೇ ಕಾರಣಕ್ಕೆ.

ಈ ಕಸುಬಿನ ಮೂಲ ಎರಡನೇ ಮಹಾಯುದ್ಧದ ಜೀಪಿನಲ್ಲಿದೆ. 1941ರಿಂದ ತಯಾರಾದ ವಿಲ್ಲೀಸ್ ಎಂಬಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕು ಮೂಲೆಗೂ ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಯುದ್ಧ ಮುಗಿದ 1945ರಲ್ಲಿ ನಾಗರಿಕರಿಗೆಂದು ಸಿಜೆ-2ಎ ಬಂತು. ಕ್ಯಾಲಿಫೋರ್ನಿಯಾದ ಸಿಯೆರ್ರಾ ನೆವಾಡಾ ಬೆಟ್ಟಗಳ ಬಂಡೆಗಲ್ಲಿನ ರೂಬಿಕಾನ್ ದಾರಿಯಲ್ಲಿ 1953ರಲ್ಲಿ ಮೊದಲ ಜೀಪರ್ಸ್ ಜಂಬೋರಿ ನಡೆಯಿತು. ಹೊಲಗದ್ದೆಗೆಂದು ಕೊಂಡ ಬಂಡಿಯನ್ನು ಬಂಡೆ ಹತ್ತಿಸುವ ಹವ್ಯಾಸ ಬೆಳೆದಂತೆ, ದೊಡ್ಡ ಟೈರೂ ಅದಕ್ಕೆ ಬೇಕಾದ ಎತ್ತರವೂ ಅಗತ್ಯವಾದವು.

ಆಗ ಕಿಟ್ ಇರಲಿಲ್ಲ, ಗ್ಯಾರೇಜಿನ ಉಪಾಯಗಳಿದ್ದವು. ಅತಿ ಅಗ್ಗದ್ದು ಉದ್ದದ ಶಾಕಲ್, ಅಂದರೆ ಪಾಟಾವನ್ನು ಚಾಸಿಗೆ ತೂಗುಹಾಕುವ ಕೊಂಡಿ. ಪಾಟಾದ ಒಂದು ತುದಿ ಮಾತ್ರ ಶಾಕಲ್‌ಗೆ ತೂಗುವುದರಿಂದ ಶಾಕಲ್ ಎರಡು ಇಂಚು ಉದ್ದವಾದರೆ ಬಂಡಿ ಏರುವುದು ಒಂದೇ ಇಂಚು. ಜೊತೆಗೆ ಆಕ್ಸಲ್ ತಿರುಗಿಕೊಂಡು ಸ್ಟೀರಿಂಗಿನ ಕೋನ ಕೆಡುತ್ತದೆ. ಎರಡನೆಯದು ಪಾಟಾ ಸೆಟ್ಟಿಗೆ ಇನ್ನೊಂದು ಎಲೆ ಸೇರಿಸುವುದು. ಭಾರ ಹೊರುವ ಬಂಡಿಗೆ ಇದು ಸರಿಯೇ, ಖಾಲಿ ಓಡುವ ಬಂಡಿಗೆ ಸೊಂಟ ಮುರಿಯುವಷ್ಟು ಗಡಸು. ಮೂರನೆಯದು, ಪಾಟಾ ಆಕ್ಸಲ್ ಮೇಲೆ ಕೂತಿರುವ ಬಂಡಿಗಳಲ್ಲಿ, ಆಕ್ಸಲ್ ಮತ್ತು ಪಾಟಾ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದದ ಯು-ಬೋಲ್ಟ್ ಬಿಗಿಯುವುದು. ಹಿಂಬದಿಗೆ ಚಿಕ್ಕ ಬ್ಲಾಕ್ ನಡೆಯುತ್ತದೆ. ಬ್ರೇಕ್ ಮತ್ತು ಸ್ಟೀರಿಂಗಿನ ಒತ್ತಡ ಒಟ್ಟಿಗೆ ಬೀಳುವ ಮುಂದಿನ ಆಕ್ಸಲ್‌ಗೆ ಬ್ಲಾಕ್ ಇಡುವುದು ಪ್ರಾಣಕ್ಕೇ ಅಪಾಯ. ನಾಲ್ಕನೆಯದೂ ಎಲ್ಲಕ್ಕಿಂತ ಧೈರ್ಯದ್ದೂ ಆದ ಉಪಾಯವೆಂದರೆ ಆಕ್ಸಲ್ ಕೆಳಗಿದ್ದ ಪಾಟಾವನ್ನು ಮೇಲಕ್ಕೆ ತಂದು ಕೂರಿಸುವುದು. ಹಳೆಯ ಸ್ಪ್ರಿಂಗಿನಲ್ಲೇ ಸುಮಾರು ಐದು ಇಂಚು ಸಿಗುತ್ತದೆ. ಖರ್ಚು ವೆಲ್ಡಿಂಗಿನದು ಮಾತ್ರ ಎನಿಸಿದರೂ ಸ್ಟೀರಿಂಗ್ ರಾಡು, ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ವೇಗ ಕೊಟ್ಟಾಗ ಆಕ್ಸಲ್ ತಿರುಚಿಕೊಂಡು ಪಾಟಾ ಎಸ್ ಆಕಾರಕ್ಕೆ ಬಾಗುವ ತೊಂದರೆಯೂ ಇದರೊಡನೆ ಬರುತ್ತದೆ.

1970ರ ದಶಕದಲ್ಲಿ ಅಮೆರಿಕದಲ್ಲಿ ಇದು ಉದ್ಯಮವಾಯಿತು. ಸ್ಕೈಜಾಕರ್, ರಫ್ ಕಂಟ್ರಿಯಂಥ ಕಂಪನಿಗಳು ಹುಟ್ಟಿದ ದಶಕ ಅದು. ಹೆಚ್ಚು ಬಾಗು ಕೊಟ್ಟ ಹೊಸ ಪಾಟಾ, ಅದಕ್ಕೆ ತಕ್ಕ ಉದ್ದದ ಶಾಕ್, ಯು-ಬೋಲ್ಟ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರತೊಡಗಿದವು. ಮನೆಯಂಗಳದಲ್ಲೇ ಜೋಡಿಸಬಹುದು ಎಂಬುದೇ ಅವುಗಳ ಆಕರ್ಷಣೆ. ಆದರೆ ಆ ಕಾಲದ ಕಿಟ್‌ಗಳು ಬಹುತೇಕ ಎತ್ತರವನ್ನೇ ಮಾರಿದವು. ಗಡಸು ಪಾಟಾ ಬಂಡಿಯನ್ನು ಎತ್ತಿ ನಿಲ್ಲಿಸುತ್ತದೆ, ನಿಜ. ತಗ್ಗು ಬಂದಾಗ ಚಕ್ರ ಕೆಳಗಿಳಿಯದೆ ಗಾಳಿಯಲ್ಲಿ ತೂಗುತ್ತದೆ. ನೆಲ ಬಿಟ್ಟ ಚಕ್ರದಿಂದ ಪ್ರಯೋಜನವಿಲ್ಲ. ಇದನ್ನು ಅಳೆಯಲು ಮುಂದೆ ಒಂದು ಕ್ರಮ ಬಳಕೆಗೆ ಬಂತು: 20 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ ಮುಂದಿನ ಒಂದು ಚಕ್ರವನ್ನು ಹತ್ತಿಸುತ್ತ ಹೋಗಿ, ಇನ್ನೊಂದು ಚಕ್ರ ನೆಲ ಬಿಡುವವರೆಗೆ ಬಂಡಿ ಏರಿದ ದೂರವನ್ನು ವೀಲ್‌ಬೇಸ್‌ನಿಂದ ಭಾಗಿಸಿ ಸಾವಿರದಿಂದ ಗುಣಿಸುವುದು. ಗಡಸು ಸ್ಪ್ರಿಂಗಿನ ಎತ್ತರದ ಬಂಡಿಗಳು ಈ ಪರೀಕ್ಷೆಯಲ್ಲಿ, ಏನೂ ಮಾರ್ಪಾಡಿಲ್ಲದ ಬಂಡಿಗಳಿಗಿಂತ ಹಿಂದೆ ಬೀಳುವುದುಂಟು.

ಬೇರೆ ದಾರಿಯನ್ನು ತೋರಿಸಿದ್ದು ಕಾಯಿಲ್ ಸ್ಪ್ರಿಂಗ್. 1970ರ ರೇಂಜ್ ರೋವರ್ ಗಟ್ಟಿ ಆಕ್ಸಲ್‌ಗಳನ್ನು ಉಳಿಸಿಕೊಂಡೇ ಮೆತ್ತನೆಯ ಉದ್ದದ ಕಾಯಿಲ್‌ಗಳನ್ನು ಬಳಸಿತು. ಜೀಪ್ ರ‍್ಯಾಂಗ್ಲರ್ 1997ರ ಟಿಜೆ ಮಾದರಿಯಲ್ಲಿ ಪಾಟಾ ಬಿಟ್ಟು ನಾಲ್ಕೂ ಕಡೆ ಕಾಯಿಲ್‌ಗೆ ಬಂದಿತು. ಪಾಟಾ ಸ್ಪ್ರಿಂಗೂ ಹೌದು, ಆಕ್ಸಲ್ಲನ್ನು ಜಾಗದಲ್ಲಿ ಹಿಡಿಯುವ ತೋಳೂ ಹೌದು. ಕಾಯಿಲ್ ಭಾರವನ್ನಷ್ಟೇ ಹೊರುತ್ತದೆ. ಆಕ್ಸಲ್ಲನ್ನು ಹಿಡಿಯಲು ಕಂಟ್ರೋಲ್ ಆರ್ಮ್‌ಗಳೂ ಅಡ್ಡಡ್ಡ ಹಿಡಿಯಲು ಟ್ರ್ಯಾಕ್ ಬಾರ್ ಕೂಡ ಬೇಕು. ಎತ್ತರ ಬೇಕೆಂದರೆ ಇನ್ನು ಸ್ಪ್ರಿಂಗ್ ಬದಲಿಸಬೇಕಿಲ್ಲ, ಅದರ ಮೇಲೊಂದು ಬಿಲ್ಲೆ ಇಟ್ಟರಾಯಿತು. ಅಮೆರಿಕದ ಜೀಪ್ ಹವ್ಯಾಸಿಗಳ ನಡುವೆ ‘ಬಜೆಟ್ ಬೂಸ್ಟ್’ ಎಂದು ಹೆಸರಾದ ಎರಡು ಇಂಚಿನ ಅಗ್ಗದ ಲಿಫ್ಟ್ ಇದು.

ಕೆಲಸ ಅರ್ಧ ದಿನದ್ದು. ಚಾಸಿಯನ್ನು ಜಾಕ್ ಕೊಟ್ಟು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಶಾಕಿನ ಕೆಳ ಬೋಲ್ಟ್ ಮತ್ತು ಸ್ವೇ ಬಾರ್ ಲಿಂಕ್ ಬಿಚ್ಚಿದರೆ ಆಕ್ಸಲ್ ಕೆಳಗಿಳಿದು ಕಾಯಿಲ್ ಕೈಗೆ ಬರುತ್ತದೆ. ಪಾಲಿಯುರಥೇನಿನ ದಪ್ಪ ಸ್ಪೇಸರನ್ನು ಮೇಲಿನ ಬಟ್ಟಲಿಗೆ ಸೇರಿಸಿ ಕಾಯಿಲನ್ನು ಮತ್ತೆ ಕೂರಿಸಬೇಕು. ಬಂಡಿ ಕೆಳಗಿಳಿಸಿ ನೋಡಿದರೆ ಎತ್ತರವೇನೋ ಬಂದಿರುತ್ತದೆ, ಆದರೆ ಸ್ಟೀರಿಂಗ್ ಚಕ್ರ ಓರೆಯಾಗಿರುತ್ತದೆ. ಚಾಸಿ ಮೇಲೆದ್ದಾಗ ಟ್ರ್ಯಾಕ್ ಬಾರ್ ಇನ್ನಷ್ಟು ಇಳಿಜಾರಾಗಿ, ಆಕ್ಸಲ್ಲನ್ನು ತನ್ನ ಚಾಸಿ ತುದಿಯ ಕಡೆಗೆ ಕಾಲು ಇಂಚೋ ಅರ್ಧ ಇಂಚೋ ಎಳೆದಿರುತ್ತದೆ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಡ್ರ್ಯಾಗ್ ಲಿಂಕಿನ ಕೋನವೂ ಬದಲಾಗಿರುತ್ತದೆ. ಎರಡು ಇಂಚಿನ ಮಟ್ಟಿಗೆ ಲಿಂಕ್ ತಿರುಗಿಸಿ ಸ್ಟೀರಿಂಗ್ ಚಕ್ರ ನೇರ ಮಾಡಿ ಅಲೈನ್‌ಮೆಂಟ್ ಮಾಡಿಸಿದರೆ ಸಾಕಾಗುತ್ತದೆ.

ಎತ್ತರ ಮೂರು-ನಾಲ್ಕು ಇಂಚಿಗೆ ಹೋದಾಗ ಖರ್ಚಿನ ಸರಪಳಿ ಶುರು. ಕಂಟ್ರೋಲ್ ಆರ್ಮ್‌ಗಳು ಕಡಿದಾಗಿ, ಸಣ್ಣ ಗುಂಡಿಯ ಪೆಟ್ಟೂ ನೇರ ಚಾಸಿಗೆ ಬರುತ್ತದೆ. ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ಅಕ್ಷದ ಹಿಂದಕ್ಕಿನ ಓರೆ, ಕಡಿಮೆಯಾಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕಳೆದುಕೊಳ್ಳುತ್ತದೆ. ಟಿಜೆಯ ವೀಲ್‌ಬೇಸ್ 93.4 ಇಂಚು ಮಾತ್ರ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ತೀರ ಗಿಡ್ಡ. ಅದರ ಕ್ರಾಸಿನ, ಅಂದರೆ ಯೂನಿವರ್ಸಲ್ ಜಾಯಿಂಟಿನ, ಕೋನ ಹೆಚ್ಚಿದಾಗ ಬಂಡಿಯೆಲ್ಲ ನಡುಗುತ್ತದೆ. ಟ್ರಾನ್ಸ್‌ಫರ್ ಕೇಸನ್ನು ಕೆಳಗಿಳಿಸುವ ಬಿಲ್ಲೆಗಳು ಇದಕ್ಕೆ ಅಗ್ಗದ ಮದ್ದು, ಆದರೆ ಲಿಫ್ಟಿನಿಂದ ಗಳಿಸಿದ ಹೊಟ್ಟೆಯ ಎತ್ತರವನ್ನು ಅವೇ ವಾಪಸು ಕೊಡುತ್ತವೆ. ಸರಿಯಾದ ಮದ್ದು ಟ್ರಾನ್ಸ್‌ಫರ್ ಕೇಸಿನ ಜಾರುವ ಯೋಕನ್ನು ತೆಗೆದುಹಾಕಿ, ಆ ತುದಿಯಲ್ಲಿ ಜೋಡಿ ಕ್ರಾಸ್ ಇರುವ ಹೊಸ ಶಾಫ್ಟ್ ಹಾಕುವುದು. ಅದರ ಬೆಲೆ ಸ್ಪೇಸರ್ ಕಿಟ್‌ನ ಹಲವು ಪಟ್ಟು. ಮುಂದಿನ ಚಕ್ರಗಳು ಒಮ್ಮೆಲೇ ರಭಸದಿಂದ ಅಲುಗಾಡುವ ‘ಡೆತ್ ವಾಬಲ್’ ಕೂಡ ಎತ್ತಿದ ಜೀಪುಗಳನ್ನು ಕಾಡುವ ಪಿಡುಗು. ಸೋತ ಟ್ರ್ಯಾಕ್ ಬಾರ್ ಬುಷ್, ಸಡಿಲ ಬೋಲ್ಟ್, ಸವೆದ ಬಾಲ್ ಜಾಯಿಂಟುಗಳೇ ಸಾಮಾನ್ಯವಾಗಿ ಅದರ ಮೂಲ. ಎತ್ತರ ಅಗ್ಗ, ಎತ್ತರ ಕೆಡಿಸಿದ ಕೋನಗಳನ್ನು ಸರಿಪಡಿಸುವುದು ದುಬಾರಿ. ಆದ್ದರಿಂದ ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಎತ್ತರವೂ ಕಡಿಮೆ ಇರಬೇಕು. ನಾಲ್ಕು ಇಂಚಿನ ಅಗ್ಗದ ಕಿಟ್‌ಗಿಂತ ಎರಡು ಇಂಚಿನ ಒಳ್ಳೆಯ ಕಿಟ್ ಎಷ್ಟೋ ಮೇಲು.

ಅಗ್ಗದ ಕಿಟ್‌ಗಳಲ್ಲಿ ಮೊದಲು ಕೈಬಿಡುವುದು ಶಾಕನ್ನು. ಸ್ಪೇಸರ್ ಹಾಕಿ ಹಳೆಯ ಶಾಕನ್ನೇ ಉಳಿಸಿದರೆ, ಚಕ್ರ ಕೆಳಗಿಳಿಯಬಹುದಾದ ದೂರದಲ್ಲಿ ಎರಡು ಇಂಚು ಹೋಯಿತೆಂದೇ ಲೆಕ್ಕ. ಶಾಕ್ ಪೂರ್ತಿ ಎಳೆದುಕೊಂಡು ತಾನೇ ತಡೆಯಾಗುತ್ತದೆ. ಉದ್ದದ ಶಾಕ್ ಹಾಕಿದರೆ ಅದು ಒತ್ತಿ ತಳ ಮುಟ್ಟದಂತೆ ಬಂಪ್ ಸ್ಟಾಪನ್ನೂ ಕೆಳಗಿಳಿಸಬೇಕು. ಎರಡು ಕೊಳವೆಯ ಸಾಧಾರಣ ಶಾಕ್ ಅಗ್ಗದ್ದು, ಹೆಚ್ಚಿನವರಿಗೆ ಸಾಕಾಗುವಂಥದ್ದು. ಫ್ರೆಂಚ್ ಎಂಜಿನಿಯರ್ ಬೂರ್ಸಿಯೇ ದ ಕಾರ್ಬೋನ್ ರೂಪಿಸಿ, ಬಿಲ್‌ಸ್ಟೈನ್ ಕಂಪನಿ 1950ರ ದಶಕದಲ್ಲಿ ತಯಾರಿಸತೊಡಗಿದ ಒಂಟಿ ಕೊಳವೆಯ ಗ್ಯಾಸ್ ಶಾಕ್ ಗಂಟೆಗಟ್ಟಲೆ ಕುಲುಕಾಟದಲ್ಲೂ ಎಣ್ಣೆ ನೊರೆಯಾಗದಂತೆ ತಡೆಯುತ್ತದೆ. ಬೆಲೆಗೆ ತಕ್ಕ ಗುಣ ನಿಜವಾಗಿ ಕಾಣುವುದು ಇಲ್ಲಿ.

ಆಸ್ಟ್ರೇಲಿಯಾದಲ್ಲಿ ಈ ವಿದ್ಯೆ ಬೇರೆ ಅಗತ್ಯದಿಂದ ಬೆಳೆಯಿತು. ಅಲ್ಲಿನ ಒಳನಾಡಿನಲ್ಲಿ ಬಂಡೆಗಿಂತ ದೂರವೇ ದೊಡ್ಡ ಸವಾಲು. ನೀರು, ಇಂಧನ, ಬುಲ್‌ಬಾರ್ ಎಲ್ಲ ಹೊತ್ತು ದಿನಗಟ್ಟಲೆ ಓಡಬೇಕು. 1975ರಲ್ಲಿ ಆರಂಭವಾದ ಎಆರ್‌ಬಿ ಮಾರುವ ಓಲ್ಡ್ ಮ್ಯಾನ್ ಎಮು ಸಸ್ಪೆನ್ಷನ್‌ಗಳಲ್ಲಿ ಎತ್ತರಕ್ಕಿಂತ ಮೊದಲು ಬರುವ ಪ್ರಶ್ನೆ, ಬಂಡಿಯ ಮೇಲೆ ಸದಾ ಇರುವ ಭಾರ ಎಷ್ಟು ಎಂಬುದು. ಅದಕ್ಕೆ ಹೊಂದುವ ಸ್ಪ್ರಿಂಗ್, ಸ್ಪ್ರಿಂಗಿಗೆ ಹೊಂದುವ ಶಾಕ್. ಎತ್ತರ ಒಂದೂವರೆ-ಎರಡು ಇಂಚಿನ ಆಸುಪಾಸು. ಕಡಿಮೆ ಹಣದವನು ಎರವಲು ಪಡೆಯಬೇಕಾದ ವಿಚಾರಕ್ರಮ ಇದು, ಕಿಟ್ ಯಾವ ಕಂಪನಿಯದಾದರೂ ಆಗಲಿ.

ಮುಂದಿನ ಚಕ್ರಗಳು ಸ್ವತಂತ್ರವಾಗಿರುವ ಬಂಡಿಗಳಲ್ಲಿ ಅವಕಾಶ ಇನ್ನೂ ಕಿರಿದು. ಟಾರ್ಷನ್ ಬಾರ್ ಇದ್ದರೆ ಬೋಲ್ಟ್ ತಿರುಗಿಸಿಯೇ ಎತ್ತಬಹುದು, ಬಿಟ್ಟಿ ಕೆಲಸ. ಆದರೆ ಎತ್ತಿದಷ್ಟೂ ಚಕ್ರ ಕೆಳಗಿಳಿಯುವ ಅವಕಾಶವನ್ನು ಅದು ನುಂಗುತ್ತದೆ, ಆಕ್ಸಲ್ ಜಾಯಿಂಟಿನ ಕೋನ ಹೆಚ್ಚಿ ರಬ್ಬರ್ ಬೂಟ್ ಹರಿಯುತ್ತದೆ. ಸ್ಪ್ರಿಂಗೂ ಶಾಕೂ ಒಂದಾದ ಸ್ಟ್ರಟ್ ಕೆಳತೋಳಿನ ನಡುವಿನಲ್ಲಿ ಕೂತಿರುವ ಕಡೆ ಒಂದಿಂಚಿನ ಸ್ಪೇಸರ್ ಸುಮಾರು ಎರಡಿಂಚು ಎತ್ತುತ್ತದೆ.

ಭಾರತದಲ್ಲಿ 1940ರ ದಶಕದ ಕೊನೆಯಿಂದ ಮಹೀಂದ್ರ ಜೋಡಿಸಿದ ವಿಲ್ಲೀಸ್ ಜೀಪುಗಳೂ ಅವುಗಳ ಸಂತತಿಯೂ ಕೊಡಗು, ಚಿಕ್ಕಮಗಳೂರಿನ ಕಾಫಿತೋಟಗಳಲ್ಲಿ ಇಂದಿಗೂ ದುಡಿಯುತ್ತಿವೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲೂ ನಾಲ್ಕೂ ಕಡೆ ಪಾಟಾ, ಅದೂ ಆಕ್ಸಲ್ ಕೆಳಗೆ. ಹಾಗಾಗಿ ಬ್ಲಾಕ್ ಒಂದನ್ನು ಬಿಟ್ಟು ಅಮೆರಿಕದ ಹಳೆಯ ಉಪಾಯಗಳು ಅದಕ್ಕೆ ಒಗ್ಗಿದವು. 2010ರ ಥಾರ್‌ನ ಕೆಲವು ಮಾದರಿಗಳಲ್ಲಿ ಮುಂದೆ ಟಾರ್ಷನ್ ಬಾರ್, ಹಿಂದೆ ಪಾಟಾ. 2020ರ ಥಾರ್‌ನಲ್ಲಿ ನಾಲ್ಕೂ ಕಡೆ ಕಾಯಿಲ್, ಮುಂದಿನ ಚಕ್ರಗಳು ಸ್ವತಂತ್ರ. 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ ಎರಡೂ ಕಡೆ ಗಟ್ಟಿ ಆಕ್ಸಲ್, ಕಾಯಿಲ್ ಇಟ್ಟುಕೊಂಡಿದ್ದು, ಟಿಜೆಯ ಪಾಠಗಳು ಹೆಚ್ಚುಕಡಿಮೆ ಹಾಗೇ ಅನ್ವಯಿಸುತ್ತವೆ. ಇಂಥ ಹೊಸ ಬಂಡಿಗಳಲ್ಲಿ ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆಯೂ ಇರುತ್ತದೆ. ಅದು ಲೆಕ್ಕ ಹಾಕುವುದು ಕಂಪನಿಯ ಎತ್ತರ, ಟೈರು, ಭಾರಕೇಂದ್ರವನ್ನು ನಂಬಿ; ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ.

ಕಾನೂನು ಇಲ್ಲಿ ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿನ್ಯಾಸಕ್ಕಿಂತ ಭಿನ್ನವಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅಕ್ರಮ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ರಸ್ತೆಯಲ್ಲಿ ಓಡುವ ಹಳೆಯ ಬಂಡಿಗೆ ಈ ಚೌಕಟ್ಟಿನೊಳಗೆ ಉಳಿಯುವ ಕೆಲಸವೆಂದರೆ ಚಪ್ಪಟೆಯಾದ ಪಾಟಾ, ಸೋತ ಬುಷ್, ಎಣ್ಣೆ ಸೋರಿದ ಶಾಕ್‌ಗಳನ್ನು ಮೂಲ ಅಳತೆಯವುಗಳಿಂದ ಬದಲಿಸುವುದು. ವರ್ಷಗಟ್ಟಲೆ ಭಾರ ಹೊತ್ತು ಕುಗ್ಗಿದ ಜಿಪ್ಸಿ ಇದರಿಂದ ತನ್ನ ಮೂಲ ಎತ್ತರಕ್ಕೆ ಮರಳುತ್ತದೆ, ಮತ್ತು ಪ್ರೊಪೆಲ್ಲರ್ ಶಾಫ್ಟಿನಿಂದ ಸ್ಟೀರಿಂಗಿನವರೆಗೆ ಯಾವ ಕೋನವನ್ನೂ ಹೊಸದಾಗಿ ಹೊಂದಿಸಬೇಕಾಗಿ ಬರುವುದಿಲ್ಲ.