ನೋವಿನ ಮುಖಚರ್ಯೆ ಮಾಪಕ

ಪ್ರಾಣಿಯ ಕಣ್ಣು, ಕಿವಿ, ಮೂತಿ, ಮೀಸೆಗಳಲ್ಲಿ ಕಾಣುವ ನಿರ್ದಿಷ್ಟ ಬದಲಾವಣೆಗಳಿಗೆ ಅಂಕ ಕೊಟ್ಟು ಅದರ ನೋವಿನ ತೀವ್ರತೆಯನ್ನು ಅಂದಾಜು ಮಾಡುವ, ಪ್ರಾಣಿವರ್ತನೆಯ ಅಧ್ಯಯನದಿಂದ ಪಶುವೈದ್ಯಕ್ಕೆ ಬಂದ ವಿಧಾನ. ಕುದುರೆ, ಕುರಿ, ಮೊಲಗಳಂತಹ, ಬೇಟೆಗೆ ಗುರಿಯಾಗುವ ಪ್ರಾಣಿಗಳು ಅಪರಿಚಿತರ ಎದುರು ನೋವನ್ನು ತೋರಗೊಡುವುದು ಕಡಿಮೆಯಾದ್ದರಿಂದ, ಕೂಗು, ಕುಂಟು ಮೊದಲಾದ ಎದ್ದುಕಾಣುವ ಲಕ್ಷಣಗಳನ್ನಷ್ಟೇ ನೆಚ್ಚಿದರೆ ನೋವುನಿವಾರಕದ ಅಗತ್ಯ ಗಮನಕ್ಕೆ ಬಾರದೆ ಹೋಗಬಹುದು.

ಪ್ರಾಣಿಗಳ ಮುಖದಲ್ಲಿ ಭಾವ ವ್ಯಕ್ತವಾಗುವುದನ್ನು ಚಾರ್ಲ್ಸ್ ಡಾರ್ವಿನ್ 1872ರ ಗ್ರಂಥದಲ್ಲೇ ಚರ್ಚಿಸಿದ್ದರೂ ಅದನ್ನು ಅಳೆಯುವ ಕ್ರಮ ಮೊದಲು ರೂಪುಗೊಂಡದ್ದು ಮನುಷ್ಯರ ವಿಷಯದಲ್ಲಿ. ಪಾಲ್ ಎಕ್‌ಮನ್ ಮತ್ತು ವಾಲೇಸ್ ಫ್ರೀಸನ್ 1978ರಲ್ಲಿ ಮುಖಸ್ನಾಯುಗಳ ಚಲನೆಯನ್ನು ಘಟಕಗಳಾಗಿ ವಿಂಗಡಿಸಿದರು; ಮುಂದೆ ಇಂಥದೇ ಕ್ರಮ ನವಜಾತ ಶಿಶುಗಳ ನೋವನ್ನು ಗುರುತಿಸಲು ಬಳಕೆಯಾಯಿತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಯೋಗಾಲಯದ ಇಲಿಗಳಿಗಾಗಿ ಪ್ರಕಟಿಸಿದ ಮಾಪಕದಲ್ಲಿ ಕಣ್ಣು ಕಿರಿದಾಗುವುದು, ಮೂಗು ಮತ್ತು ಕೆನ್ನೆ ಉಬ್ಬುವುದು, ಕಿವಿ ಹಾಗೂ ಮೀಸೆಗಳ ನೆಲೆ ಬದಲಾಗುವುದು ಎಂಬ ಐದು ಅಂಶಗಳಿದ್ದು, ಪ್ರತಿಯೊಂದಕ್ಕೂ 0ಯಿಂದ 2ರವರೆಗೆ ಅಂಕವಿತ್ತು. ಇದೇ ಪ್ರಯೋಗಾಲಯ 2014ರಲ್ಲಿ ವರದಿ ಮಾಡಿದ ಸಂಗತಿ, ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಸರಿಯುವಂಥದಾದರೂ, ಮಾಪಕದಷ್ಟೇ ಮಹತ್ವದ್ದು: ಗಂಡಸರು ಹತ್ತಿರವಿದ್ದಾಗ, ಅಷ್ಟೇಕೆ ಅವರು ತೊಟ್ಟ ಅಂಗಿಯ ವಾಸನೆಯಿದ್ದಾಗಲೂ, ಇಲಿಗಳ ನೋವಿನ ಚಹರೆ ತಗ್ಗುತ್ತಿತ್ತು. ಒತ್ತಡವು ನೋವನ್ನು ತಾತ್ಕಾಲಿಕವಾಗಿ ಅಡಗಿಸುವುದೇ ಇದಕ್ಕೆ ಕಾರಣವೆಂದು ಸಂಶೋಧಕರು ವಿವರಿಸಿದರು. ಹೀಗಾಗಿ ಪರೀಕ್ಷಾ ಮೇಜಿನ ಮೇಲೆ ಅಲ್ಲಾಡದೆ ಕುಳಿತ ಪ್ರಾಣಿಗೆ ನೋವಿಲ್ಲವೆಂದು ತೀರ್ಮಾನಿಸುವುದು ಸುರಕ್ಷಿತವಲ್ಲ.

ಕುದುರೆಗೆ 2014ರಲ್ಲಿ, ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಯ ಹಿನ್ನೆಲೆಯಲ್ಲಿ, ಮಾಪಕ ಸಿದ್ಧವಾಯಿತು. ಕುರಿಗೆ ಗೊರಸುಕೊಳೆ ಮತ್ತು ಕೆಚ್ಚಲುಬಾವುಗಳನ್ನು ಆಧರಿಸಿ 2016ರಲ್ಲಿ ಬಂದಿತು. ಚಿಕಿತ್ಸಾಲಯಗಳಲ್ಲಿ ಹೆಚ್ಚು ಉಪಯುಕ್ತವೆನಿಸಿರುವುದು ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2019ರಲ್ಲಿ ಪ್ರಕಟವಾದ ಬೆಕ್ಕಿನ ಮಾಪಕ. ಕಿವಿಗಳು ಹೊರಮಗ್ಗುಲಿಗೆ ತಿರುಗುವುದು, ಕಣ್ಣು ಕಿರಿದಾಗುವುದು, ಮೂತಿ ಬಿಗಿಯುವುದು, ಮೀಸೆ ನೆಟ್ಟಗಾಗುವುದು, ತಲೆ ಭುಜಕ್ಕಿಂತ ಕೆಳಗಿಳಿಯುವುದು ಇದರ ಅಂಶಗಳಾಗಿದ್ದು, ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಅಂಕ ಬಂದರೆ ನೋವುನಿವಾರಕವನ್ನು ಪರಿಗಣಿಸಲಾಗುತ್ತದೆ. ಬೆಕ್ಕನ್ನು ಮುಟ್ಟುವ ಮೊದಲೇ, ತುಸು ದೂರದಿಂದ ಗಮನಿಸಿ ಅಂಕ ಕೊಡಬೇಕೆಂಬ ನಿಯಮ ಅಂಕಗಳಿಗಿಂತಲೂ ಬೆಲೆಯುಳ್ಳದ್ದೆನ್ನಬಹುದು.

ಪ್ರಾಣಿ ನಿದ್ದೆಯಲ್ಲಿರುವಾಗ, ಮೈ ನೆಕ್ಕಿಕೊಳ್ಳುವಾಗ ಅಥವಾ ಮಂಪರು ಔಷಧದ ಪ್ರಭಾವದಲ್ಲಿರುವಾಗ ಅಂಕಗಳು ದಾರಿ ತಪ್ಪಿಸಬಲ್ಲವು. ಮಾಪಕಗಳು ಬಹುಮಟ್ಟಿಗೆ ತೀವ್ರ ನೋವಿನ ಸಂದರ್ಭಗಳಲ್ಲಿ ಪರೀಕ್ಷೆಗೊಳಗಾಗಿರುವುದರಿಂದ ದೀರ್ಘಕಾಲದ ಕೀಲುನೋವಿಗೆ ಅವನ್ನು ಹಾಗೆಯೇ ಅನ್ವಯಿಸಲಾಗದು. ನಾಯಿಗಳಲ್ಲಿ ತಳಿಯಿಂದ ತಳಿಗೆ ಮುಖದ ಆಕಾರ ಬಹಳ ಭಿನ್ನವಾಗಿದ್ದು, ಅವುಗಳ ವಿಷಯದಲ್ಲಿ ನಿಲುವು, ನಡಿಗೆ, ಗಾಯವನ್ನು ಮುಟ್ಟಿದಾಗಿನ ಪ್ರತಿಕ್ರಿಯೆಗಳನ್ನು ಗಣಿಸುವ ಗ್ಲಾಸ್ಗೋ ಮಾಪಕವೇ ಹೆಚ್ಚು ಪ್ರಚಲಿತ.